ಚಡ್ಡಾ ಕೇಸು: ಒಂದು ಸದನ ಒಂದೇ ಕೂತು ಒಬ್ಬ ಮನುಷ್ಯನನ್ನ ದೇಶದಿಂದ ಆಚೆ ಹಾಕಬಹುದಾ?

ಕೆಲವು ವರ್ಷದ ಹಿಂದೆ ನಮ್ಮ ಭಾವ ಅಮೆರಿಕನ್ ಸಿಟಿಜನ್‌ಶಿಪ್ ಪರೀಕ್ಷೆಗೆ ಓದ್ತಾ ಇದ್ರು, ಆಗ ನೂರು ಪ್ರಶ್ನೆ ಪಟ್ಟಿ ಇತ್ತಲ್ಲ, ಅದನ್ನ ಪ್ರಿಂಟ್ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡು ಫೋನಲ್ಲಿ ನನ್ನ ಕೈಲಿ ಪ್ರಶ್ನೆ ಕೇಳಿಸ್ಕೊಂಡು ಉತ್ತರ ಹೇಳ್ತಾ ಇದ್ರು. ಅದ್ರಲ್ಲಿ ಒಂದು, ಸರ್ಕಾರದ ಒಂದು ಅಂಗ ತೀರಾ ಬಲಶಾಲಿ ಆಗದ ಹಾಗೆ ತಡೆಯೋದು ಏನು ಅಂತ. ಉತ್ತರ ಚೆಕ್ಸ್ ಅಂಡ್ ಬ್ಯಾಲೆನ್ಸಸ್. ಭಾವ ಮಗ್ಗಿ ಒಪ್ಪಿಸಿದ ಹಾಗೆ ಹೇಳಿಬಿಟ್ಟು ಆಮೇಲೆ "ಅಲ್ಲ ಕಣಪ್ಪ, ಹಂಗಂದ್ರೆ ಏನು? ಯಾರು ಯಾರನ್ನ ಹಿಡಿದು ನಿಲ್ಲಿಸ್ತಾರೆ? ಒಂದು ಉದಾಹರಣೆ ಹೇಳು ನೋಡೋಣ" ಅಂದ್ರು. ಆಗ ನಾನು ಹೇಳಿದ್ದು ಚಡ್ಡಾ ಕೇಸು. ಇಲ್ಲಿ ಬರೀತಿರೋದೂ ಅದನ್ನೇ, ಸ್ವಲ್ಪ ವಿವರವಾಗಿ, ಯಾಕಂದ್ರೆ ಅಮೆರಿಕದ ಸರ್ಕಾರ ಹೇಗೆ ಕೆಲಸ ಮಾಡತ್ತೆ ಅನ್ನೋದರ ಅರ್ಧ ಪಾಠ ಈ ಒಂದು ಕೇಸಲ್ಲೇ ಇದೆ. ಜೊತೆಗೆ ಇದು ಸ್ಟೂಡೆಂಟ್ ವೀಸಾದಲ್ಲಿ ಬಂದ ಭಾರತೀಯ ಮೂಲದ ಒಬ್ಬರ ಕಥೆ, ನಮ್ಮ ಕಡೆಯಿಂದ ಹೋದವರಲ್ಲಿ ಎಷ್ಟೋ ಜನಕ್ಕೆ ಆ ವೀಸಾ ಮುಗಿಯೋ ತಾರೀಕಿನ ಭಯ ಚೆನ್ನಾಗಿ ಗೊತ್ತು.

ಮೊದಲೇ ಒಂದು ಮಾತು. ಇಲ್ಲಿ ಕಾಂಗ್ರೆಸ್ ಅಂದ್ರೆ ಪಕ್ಷ ಅಲ್ಲ, ಅಮೆರಿಕದ ಪಾರ್ಲಿಮೆಂಟು. ಅದರಲ್ಲಿ ಎರಡು ಮನೆ, ಹೌಸ್ ಮತ್ತೆ ಸೆನೆಟ್.

ಜಗದೀಶ್ ರಾಯ್ ಚಡ್ಡಾ ಹುಟ್ಟಿದ್ದು ಕೀನ್ಯಾದಲ್ಲಿ, ಭಾರತೀಯ ಮೂಲದ ಮನೆಯಲ್ಲಿ, ಆಗ ಕೀನ್ಯಾ ಬ್ರಿಟಿಷರ ಕೈಲಿತ್ತು. 1966ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಹಿಡ್ಕೊಂಡು ಸ್ಟೂಡೆಂಟ್ ವೀಸಾದ ಮೇಲೆ ಅಮೆರಿಕಕ್ಕೆ ಬಂದ್ರು, ಓದಿದ್ದು ಓಹಾಯೋ ರಾಜ್ಯದ ಬೌಲಿಂಗ್ ಗ್ರೀನ್ ಸ್ಟೇಟ್ ಯೂನಿವರ್ಸಿಟೀಲಿ. ವೀಸಾ 1972ರ ಜೂನ್ 30ಕ್ಕೆ ಮುಗೀತು. ವಾಪಸ್ ಹೋಗಬೇಕು, ಆದ್ರೆ ಎಲ್ಲಿಗೆ? ಕೀನ್ಯಾ 1963ರಲ್ಲಿ ಸ್ವತಂತ್ರ ಆಗಿತ್ತು, ಅಲ್ಲಿನ ಪೌರತ್ವ ಇವರಿಗೆ ಇರಲಿಲ್ಲ. ಬ್ರಿಟನ್ನು ಪಾಸ್‌ಪೋರ್ಟ್ ಏನೋ ಕೊಟ್ಟಿತ್ತು, ಆದ್ರೆ 1968ರಲ್ಲಿ ಪೂರ್ವ ಆಫ್ರಿಕಾದ ಏಷ್ಯನ್ನರು ಸುಲಭವಾಗಿ ಒಳಗೆ ಬರದ ಹಾಗೆ ಕಾನೂನು ಬಿಗಿ ಮಾಡಿ, ವರ್ಷಕ್ಕೆ ಇಷ್ಟೇ ಜನ ಅಂತ ಕೋಟಾ ಇಟ್ಟು ಸರದಿ ಸಾಲಲ್ಲಿ ನಿಲ್ಲಿಸಿತ್ತು. ಪಕ್ಕದ ಉಗಾಂಡಾದಲ್ಲಿ ಇದಿ ಅಮೀನ್ ಏಷ್ಯನ್ನರನ್ನೆಲ್ಲ ಓಡಿಸಿದ್ದೂ ಅದೇ 1972ರಲ್ಲಿ. ಹುಟ್ಟಿದ ದೇಶ ನಮ್ಮವನಲ್ಲ ಅನ್ನತ್ತೆ, ಪಾಸ್‌ಪೋರ್ಟ್ ಕೊಟ್ಟ ದೇಶ ಆಮೇಲೆ ಬಾ ಅನ್ನತ್ತೆ, ಓದಿದ ದೇಶ ಹೊರಡು ಅನ್ನತ್ತೆ. ಕಾಗದದಲ್ಲಿ ಇದು ವೀಸಾ ಮೀರಿ ಉಳಿದ ಕೇಸು ಅಷ್ಟೇ, ಆ ಮನುಷ್ಯನ ಜಾಗದಲ್ಲಿ ನಿಂತು ನೋಡಿದ್ರೆ ಕಾಲಿಡೋಕೆ ನೆಲ ಇಲ್ಲ.

1973ರ ಅಕ್ಟೋಬರ್ 11ಕ್ಕೆ ಇಮಿಗ್ರೇಷನ್ ಇಲಾಖೆಯಿಂದ ನೋಟೀಸು ಬಂತು, ನಿಮ್ಮನ್ನ ಯಾಕೆ ಗಡೀಪಾರು ಮಾಡಬಾರದು ಹೇಳಿ ಅಂತ. 1974ರ ಜನವರಿಯಲ್ಲಿ ಇಮಿಗ್ರೇಷನ್ ಜಡ್ಜ್ (ಹೆಸರಿಗೆ ಜಡ್ಜ್, ಕೋರ್ಟಿನವರಲ್ಲ, ಇಲಾಖೆಯವರೇ) ಮುಂದೆ ಚಡ್ಡಾ ಹೌದು, ವೀಸಾ ಮುಗಿದಿದೆ ಅಂತ ನೇರವಾಗಿ ಒಪ್ಪಿಕೊಂಡ್ರು, ಒಪ್ಪಿಕೊಂಡು ಗಡೀಪಾರು ತಡೆಹಿಡಿಯಿರಿ ಅಂತ ಅರ್ಜಿ ಹಾಕಿದ್ರು. ಆಗಿನ ಇಮಿಗ್ರೇಷನ್ ಕಾಯ್ದೆ ಸೆಕ್ಷನ್ 244ರಲ್ಲಿ ಅದಕ್ಕೆ ದಾರಿ ಇತ್ತು: ಏಳು ವರ್ಷ ಬಿಡದೆ ಅಮೆರಿಕದಲ್ಲಿ ಇದ್ದಿರಬೇಕು, ನಡತೆ ಚೆನ್ನಾಗಿರಬೇಕು, ಕಳಿಸಿದ್ರೆ ವಿಪರೀತ ಕಷ್ಟಕ್ಕೆ ಸಿಕ್ಕಿಹಾಕಿಕೊಳ್ತಾರೆ ಅನ್ನೋದು ಸಾಬೀತಾಗಬೇಕು. ಜಡ್ಜ್ ಸಾಕ್ಷ್ಯ ಕೇಳಿದ್ರು, ಅಫಿಡವಿಟ್ ನೋಡಿದ್ರು, ಇಲಾಖೆಯವರೇ ನಡತೆ ಬಗ್ಗೆ ವಿಚಾರಣೆ ಮಾಡಿ ರಿಪೋರ್ಟ್ ಕೊಟ್ಟಿದ್ರು, ಎಲ್ಲ ನೋಡಿ 1974ರ ಜೂನ್ 25ಕ್ಕೆ ಮೂರೂ ಷರತ್ತು ಪೂರೈಸಿದ್ದಾರೆ, ಗಡೀಪಾರು ಬೇಡ ಅಂತ ಆದೇಶ ಕೊಟ್ರು. ಕೇಸು ಗೆದ್ದ ಹಾಗೇ ಅಲ್ವಾ?

ಅಲ್ಲ. ಅದೇ ಸೆಕ್ಷನ್ನಿನಲ್ಲಿ ಒಂದು ಕೊಕ್ಕೆ ಇತ್ತು. ಹೀಗೆ ತಡೆಹಿಡಿದ ಪ್ರತಿ ಕೇಸನ್ನೂ ಅಟಾರ್ನಿ ಜನರಲ್ (ಇಮಿಗ್ರೇಷನ್ ಇಲಾಖೆ ಆಗ ಇವರ ಕೈಕೆಳಗಿತ್ತು) ಕಾಂಗ್ರೆಸ್ಸಿಗೆ ಕಳಿಸಬೇಕು, ಹೌಸ್ ಆಗಲಿ ಸೆನೆಟ್ ಆಗಲಿ, ಎರಡೂ ಬೇಕಿಲ್ಲ, ಯಾವುದಾದ್ರೂ ಒಂದು ಸದನ ಆ ಅಧಿವೇಶನ ಅಥವಾ ಮುಂದಿನ ಅಧಿವೇಶನ ಮುಗಿಯೋದರೊಳಗೆ ಬೇಡ ಅಂತ ನಿರ್ಣಯ ಪಾಸು ಮಾಡಿದ್ರೆ ಜಡ್ಜ್ ಆದೇಶ ಬಿದ್ದುಹೋಗತ್ತೆ. ಇದಕ್ಕೇ ಲೆಜಿಸ್ಲೇಟಿವ್ ವೀಟೊ ಅನ್ನೋದು. ಸಾಮಾನ್ಯವಾಗಿ ವೀಟೊ ಅಂದ್ರೆ ಕಾಂಗ್ರೆಸ್ ಪಾಸು ಮಾಡಿದ ಮಸೂದೆಯನ್ನ ಪ್ರೆಸಿಡೆಂಟ್ ತಿರಸ್ಕರಿಸೋದು, ಇದು ಉಲ್ಟಾ, ಪ್ರೆಸಿಡೆಂಟ್ ಕೈಕೆಳಗಿನ ಇಲಾಖೆ ಮಾಡಿದ ತೀರ್ಮಾನವನ್ನ ಕಾಂಗ್ರೆಸ್ಸೇ ತಿರಸ್ಕರಿಸೋದು.

ಈ ಪದ್ಧತಿ ಎಲ್ಲಿಂದ ಬಂತು ಅನ್ನೋದು ಗೊತ್ತಿದ್ರೆ ಮುಂದಿನದು ಸುಲಭ. ಹಳೇ ಕಾಲದಲ್ಲಿ ಇಂಥ ಒಬ್ಬೊಬ್ಬರಿಗೂ ಕಾಂಗ್ರೆಸ್ ಖಾಸಗಿ ಮಸೂದೆ ಅಂತ ಪಾಸು ಮಾಡಬೇಕಿತ್ತು, ಇಂಥ ಹೆಸರಿನವರು ಇಲ್ಲೇ ಇರಬಹುದು ಅಂತ ಎರಡೂ ಮನೆ ವೋಟು ಹಾಕಿ ಪ್ರೆಸಿಡೆಂಟ್ ಸಹಿ ಆಗಬೇಕು. ಅದು ಹೊರೆ ಆಯ್ತು. 1940ರಲ್ಲಿ ಆ ಅಧಿಕಾರವನ್ನ ಅಟಾರ್ನಿ ಜನರಲ್‌ಗೆ ಬಿಟ್ಟುಕೊಟ್ರು, ಆದ್ರೆ ಲಗಾಮು ಪೂರ್ತಿ ಬಿಡಲಿಲ್ಲ, ಎರಡೂ ಸದನ ಸೇರಿ ಬೇಡ ಅನ್ನಬಹುದು ಅಂತ ಇಟ್ಟುಕೊಂಡ್ರು. 1952ರ ಕಾಯ್ದೆಯಲ್ಲಿ ಅದು ಒಂದೇ ಸದನ ಸಾಕು ಅಂತ ಆಯ್ತು. ಇಮಿಗ್ರೇಷನ್ ಒಂದರಲ್ಲೇ ಅಲ್ಲ, 1932ರಲ್ಲಿ ಹೂವರ್ ಪ್ರೆಸಿಡೆಂಟ್ ಆಗಿದ್ದಾಗ ಸರ್ಕಾರಿ ಇಲಾಖೆಗಳನ್ನ ಪುನರ್ರಚನೆ ಮಾಡೋ ಅಧಿಕಾರ ಕೊಟ್ಟಾಗಿಂದ ಶುರುವಾಗಿ, ಕೆಲಸ ನೀವು ಮಾಡಿ, ಇಷ್ಟ ಆಗದಿದ್ರೆ ನಾವು ಬೇಡ ಅಂತೀವಿ ಅನ್ನೋ ಈ ಒಪ್ಪಂದ ಒಂದೊಂದಾಗಿ ಕಾನೂನುಗಳ ಒಳಗೆ ಸೇರ್ತಾ ಹೋಯ್ತು. ನಿಕ್ಸನ್ ಮತ್ತೆ ವಿಯೆಟ್ನಾಂ ಯುದ್ಧದ ಅನುಭವ ಆದಮೇಲಂತೂ ಜಾಸ್ತಿ ಆಯ್ತು: ಯುದ್ಧಾಧಿಕಾರದ ಬಗ್ಗೆ 1973ರ ವಾರ್ ಪವರ್ಸ್ ರೆಸಲ್ಯೂಷನ್, ಮಂಜೂರಾದ ದುಡ್ಡನ್ನ ಪ್ರೆಸಿಡೆಂಟ್ ಖರ್ಚು ಮಾಡದೆ ಹಿಡಿದಿಡೋದರ ವಿರುದ್ಧ 1974ರ ಬಜೆಟ್ ಕಾಯ್ದೆ, ತುರ್ತು ಪರಿಸ್ಥಿತಿ ಬಗ್ಗೆ 1976ರ ನ್ಯಾಷನಲ್ ಎಮರ್ಜೆನ್ಸೀಸ್ ಕಾಯ್ದೆ, ಎಲ್ಲದರಲ್ಲೂ ಈ ಲಗಾಮು ಯಾವುದೋ ಒಂದು ರೂಪದಲ್ಲಿತ್ತು.

ಚಡ್ಡಾ ವಿಷಯಕ್ಕೆ ಬರೋಣ. ಜಡ್ಜ್ ಆದೇಶ ಒಂದೂವರೆ ವರ್ಷ ಹಾಗೇ ಇತ್ತು, ಯಾರೂ ಮುಟ್ಟಲಿಲ್ಲ. ಗಡುವು ಮುಗಿಯೋದು ಆ ಅಧಿವೇಶನ ಮುಗಿದಾಗ, ಅಂದ್ರೆ 1975ರ ಡಿಸೆಂಬರ್ 19ಕ್ಕೆ, ಆ ದಿನ ದಾಟಿದ್ರೆ ಅವರು ಕಾಯಂ ನಿವಾಸಿ, ಗ್ರೀನ್ ಕಾರ್ಡ್ ಕೈಗೆ. ಡಿಸೆಂಬರ್ 12ಕ್ಕೆ ಹೌಸಿನ ಇಮಿಗ್ರೇಷನ್ ಉಪಸಮಿತಿ ಅಧ್ಯಕ್ಷ, ಪೆನ್ಸಿಲ್ವೇನಿಯಾದ ಜೋಶುವಾ ಐಲ್‌ಬರ್ಗ್, ಒಂದು ನಿರ್ಣಯ ಮಂಡಿಸಿದ್ರು, ಆರು ಜನಕ್ಕೆ ಕಾಯಂ ವಾಸ ಕೊಡಬಾರದು ಅಂತ. ಆರರಲ್ಲಿ ಒಂದು ಹೆಸರು ಚಡ್ಡಾ. ಡಿಸೆಂಬರ್ 16ಕ್ಕೆ ವೋಟಿಗೆ ಬಂತು. ನಿರ್ಣಯ ಪ್ರಿಂಟೂ ಆಗಿರಲಿಲ್ಲ, ಬೇರೆ ಸದಸ್ಯರ ಕೈಗೆ ಕಾಪಿ ಸಿಕ್ಕಿರಲಿಲ್ಲ. ಸಮಿತಿ 340 ಕೇಸು ನೋಡಿದೆ, ಈ ಆರು ಜನ ಕಾನೂನಿನ ಷರತ್ತು, ಅದರಲ್ಲೂ ಕಷ್ಟದ ಷರತ್ತು, ಪೂರೈಸಿಲ್ಲ ಅನ್ನೋದು ನಮ್ಮ ಅಭಿಪ್ರಾಯ ಅಂತ ಐಲ್‌ಬರ್ಗ್ ಹೇಳಿದ್ರು. ಚರ್ಚೆ ಇಲ್ಲ, ಯಾರು ಯಾವ ಕಡೆ ಅಂತ ದಾಖಲಾದ ವೋಟೂ ಇಲ್ಲ, ಪಾಸು. ಇನ್ನು ಮೂರೇ ದಿನ ಉಳಿದಿತ್ತು.

ಈ ಜಾಗಕ್ಕೆ ಬಂದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗತ್ತೆ. ಜಡ್ಜ್ ಎದುರು ಕೂತು ಸಾಕ್ಷ್ಯ ಕೇಳಿ, ಈ ಮನುಷ್ಯನಿಗೆ ವಿಪರೀತ ಕಷ್ಟ ಆಗತ್ತೆ ಅಂತ ಬರೆದಿದ್ದಾರೆ, ಅವರನ್ನ ಕಣ್ಣಿಂದ ನೋಡದೇ ಇರೋ ಸದನ ಇಲ್ಲ, ಅಷ್ಟೇನೂ ಕಷ್ಟ ಆಗಲ್ಲ ಅಂತ ಒಂದು ಮಾತಲ್ಲಿ ತೀರ್ಮಾನ ಮಾಡತ್ತೆ, ಯಾಕೆ ಅಂತ ಚಡ್ಡಾ ಹೆಸರು ಹಿಡಿದು ಒಂದು ಕಾರಣ ಹೇಳಲಿಲ್ಲ, ನಿಮ್ಮದೇನಾದ್ರೂ ಹೇಳೋದಿದ್ಯಾ ಅಂತ ಅವರನ್ನ ಕೇಳಲಿಲ್ಲ. ಸೆನೆಟ್ ಇದನ್ನ ನೋಡಲಿಲ್ಲ, ಆಗಿನ ಪ್ರೆಸಿಡೆಂಟ್ ಫೋರ್ಡ್ ಮೇಜಿಗೂ ಹೋಗಲಿಲ್ಲ, ಯಾಕಂದ್ರೆ ಸೆಕ್ಷನ್ ಪ್ರಕಾರ ಹೋಗಬೇಕಾಗೇ ಇರಲಿಲ್ಲ.

ಇಮಿಗ್ರೇಷನ್ ಜಡ್ಜ್ ಕೇಸು ಮತ್ತೆ ತೆರೆದ್ರು. ಆ ಸೆಕ್ಷನ್ನೇ ಸಂವಿಧಾನಕ್ಕೆ ವಿರುದ್ಧ ಅಂತ ಚಡ್ಡಾ ವಾದ. ಕಾಯ್ದೆ ಸಂವಿಧಾನಬದ್ಧವಾ ಅಲ್ವಾ ಅಂತ ಹೇಳೋ ಅಧಿಕಾರ ನನಗಿಲ್ಲ ಅಂತ ಜಡ್ಜ್ ಕೈಚೆಲ್ಲಿದ್ರು, 1976ರ ನವೆಂಬರ್ 8ಕ್ಕೆ ಗಡೀಪಾರು ಆದೇಶ ಆಯ್ತು. ಇಮಿಗ್ರೇಷನ್ ಅಪೀಲು ಮಂಡಳಿಯೂ ಅದನ್ನೇ ಹೇಳಿತು. ಅಲ್ಲಿಂದ ಕೇಸು ಒಂಬತ್ತನೇ ಸರ್ಕ್ಯೂಟಿನ ಅಪೀಲು ಕೋರ್ಟಿಗೆ ಹೋಯ್ತು, ಅಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿಕೊಳ್ತು.

ಏನಂದ್ರೆ ಎದುರು ಪಾರ್ಟಿ ಇಮಿಗ್ರೇಷನ್ ಇಲಾಖೆ, ಅವರು ಚಡ್ಡಾ ಹೇಳೋದು ಸರಿ, ಈ ವೀಟೊ ಸಂವಿಧಾನಕ್ಕೆ ವಿರುದ್ಧ ಅಂತ ತಾವೂ ಹೇಳಿಬಿಟ್ರು! ಯಾಕೆ ಅಂದ್ರೆ ಇಲಾಖೆ ಇರೋದು ಪ್ರೆಸಿಡೆಂಟ್ ಕೈಕೆಳಗೆ, ಪ್ರೆಸಿಡೆಂಟ್‌ಗಳಿಗೆ ಈ ಲಗಾಮು ಮೊದಲಿಂದ ಹಿಡಿಸ್ತಿರಲಿಲ್ಲ, ಕಾರ್ಟರ್ ಅಂತೂ 1978ರಲ್ಲಿ ಇದರ ವಿರುದ್ಧ ಕಾಂಗ್ರೆಸ್ಸಿಗೇ ಸಂದೇಶ ಬರೆದಿದ್ರು. ಚಡ್ಡಾನ ಆಚೆ ಹಾಕ್ತೀವಿ ಅಂತಿರೋರೂ ಅವರೇ, ಹಾಕೋಕೆ ಕಾರಣವಾದ ಕಾನೂನು ತಪ್ಪು ಅಂತಿರೋರೂ ಅವರೇ. ಅಮೆರಿಕದ ಸಂವಿಧಾನದಲ್ಲಿ ಫೆಡರಲ್ ಕೋರ್ಟು ನಿಜವಾದ ಜಗಳ ಇದ್ರೆ ಮಾತ್ರ ತೀರ್ಪು ಕೊಡಬಹುದು, ಇಬ್ಬರೂ ಒಂದೇ ಮಾತು ಆಡಿದ್ರೆ ಜಗಳ ಎಲ್ಲಿದೆ? ಅದಕ್ಕೆ ಕೋರ್ಟು ಹೌಸ್ ಮತ್ತೆ ಸೆನೆಟ್ ಎರಡನ್ನೂ ಕರೆದು ನಿಮ್ಮ ವಾದ ಹೇಳಿ ಅಂತು. ನೋಡೋಕೆ ಒಬ್ಬ ಮನುಷ್ಯ ವರ್ಸಸ್ ಒಂದು ಇಲಾಖೆ ಅನ್ನೋ ಕೇಸು, ಒಳಗೆ ಪ್ರೆಸಿಡೆಂಟ್ ವರ್ಸಸ್ ಕಾಂಗ್ರೆಸ್ ಆಗಿಬಿಡ್ತು. 1980ರ ಡಿಸೆಂಬರಲ್ಲಿ ತೀರ್ಪು ಬಂತು, ಒಂದೇ ಸದನದ ವೀಟೊ ನಿಲ್ಲಲ್ಲ ಅಂತ. ಬರೆದೋರು ಜಡ್ಜ್ ಆಂಥೊನಿ ಕೆನಡಿ, ಮುಂದೆ ಸುಪ್ರೀಂ ಕೋರ್ಟಲ್ಲಿ ಮೂವತ್ತು ವರ್ಷ ಕೂತರಲ್ಲ, ಅವರೇ.

ಸುಪ್ರೀಂ ಕೋರ್ಟಲ್ಲಿ 1982ರ ಫೆಬ್ರವರಿ 22ಕ್ಕೆ ವಾದ ಆಯ್ತು, ಚಡ್ಡಾ ಪರವಾಗಿ ಪಬ್ಲಿಕ್ ಸಿಟಿಜನ್ ಸಂಸ್ಥೆಯ ವಕೀಲ ಅಲನ್ ಮಾರಿಸನ್. ಆ ಅವಧಿಯಲ್ಲಿ ತೀರ್ಪೇ ಬರಲಿಲ್ಲ, ಇನ್ನೊಂದು ಸಲ ವಾದ ಮಾಡಿ ಅಂದ್ರು, ಡಿಸೆಂಬರ್ 7ಕ್ಕೆ ಮತ್ತೆ ಆಯ್ತು. ಈ ಮಧ್ಯೆ ಚಡ್ಡಾ 1980ರ ಆಗಸ್ಟಲ್ಲಿ ಅಮೆರಿಕನ್ ಪ್ರಜೆಯೊಬ್ಬರನ್ನ ಮದುವೆ ಆಗಿದ್ರು, ಕಾಂಗ್ರೆಸ್ ಕಡೆಯ ವಕೀಲರು ಅದನ್ನೇ ಹಿಡ್ಕೊಂಡು ಇವರಿಗೆ ಈಗ ಬೇರೆ ದಾರಿ ಇದೆ, ಈ ಕೇಸು ಯಾಕೆ ಬೇಕು ಅಂದ್ರು. ಮದುವೆ ಮೇಲೆ ಸಿಗಬಹುದಾದ ಪರಿಹಾರ ಖಾತ್ರಿ ಏನಲ್ಲ ಅಂತ ಕೋರ್ಟು ಆ ವಾದ ಒಪ್ಪಲಿಲ್ಲ.

1983ರ ಜೂನ್ 23. ಏಳಕ್ಕೆ ಎರಡು, ಚಡ್ಡಾ ಗೆದ್ರು.

ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದ ತೀರ್ಪಿನ ತಿರುಳು ಸರಳ. ಸಂವಿಧಾನದ ಮೊದಲನೇ ವಿಧಿ ಕಾನೂನು ಮಾಡೋಕೆ ಒಂದೇ ದಾರಿ ಹೇಳತ್ತೆ, ಎರಡೂ ಮನೆ ಒಪ್ಪಬೇಕು, ಆಮೇಲೆ ಪ್ರೆಸಿಡೆಂಟ್ ಮುಂದಿಡಬೇಕು, ಅವರು ಸಹಿ ಹಾಕಬಹುದು ಇಲ್ಲ ವೀಟೊ ಮಾಡಬಹುದು, ವೀಟೊ ಮಾಡಿದ್ರೆ ಎರಡೂ ಮನೆಯಲ್ಲಿ ಮೂರನೇ ಎರಡರಷ್ಟು ವೋಟಿದ್ರೆ ಮಾತ್ರ ಅದನ್ನ ಮೀರಬಹುದು. ಹೌಸ್ ಮಾಡಿದ್ದಕ್ಕೆ ನಿರ್ಣಯ ಅಂತ ಹೆಸರಿಟ್ರೇನು, ಸದನದ ಹೊರಗಿರೋ ಜನರ ಹಕ್ಕು, ಕರ್ತವ್ಯ ಅದರಿಂದ ಬದಲಾಯ್ತಾ ಇಲ್ವಾ ಅನ್ನೋದು ಪ್ರಶ್ನೆ. ಬದಲಾಯ್ತು. ಇಲ್ಲೇ ಇರಬಹುದಾಗಿದ್ದ ಚಡ್ಡಾ ಇರಬಾರದು ಅಂತಾಯ್ತು, ಹಾಗಿದ್ಮೇಲೆ ಅದು ಕಾನೂನು ಮಾಡಿದ ಹಾಗೇ, ಅದಕ್ಕೆ ಪೂರ್ತಿ ದಾರಿ ನಡೀಲೇಬೇಕು. ಒಂದು ಸದನ ಒಂದೇ ನಡೆಯಬಹುದಾದ ಕೆಲಸ ಸಂವಿಧಾನದಲ್ಲಿ ನಾಲ್ಕೇ ಇರೋದು: ಮಹಾಭಿಯೋಗ ಶುರು ಮಾಡೋದು ಹೌಸ್, ಅದರ ವಿಚಾರಣೆ ಸೆನೆಟ್, ಪ್ರೆಸಿಡೆಂಟ್ ಮಾಡೋ ನೇಮಕಕ್ಕೆ ಒಪ್ಪಿಗೆ ಸೆನೆಟ್, ವಿದೇಶಿ ಒಪ್ಪಂದಕ್ಕೆ ಒಪ್ಪಿಗೆ ಸೆನೆಟ್. ಚಡ್ಡಾ ವಿಷಯ ಈ ನಾಲ್ಕರಲ್ಲಿ ಇಲ್ಲ.

ಬರ್ಗರ್ ಎತ್ತಿ ತೋರಿಸಿದ ಒಂದು ಹಳೇ ವಿವರ ನನಗೆ ತುಂಬ ಇಷ್ಟ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೀತಿದ್ದಾಗ ಜೇಮ್ಸ್ ಮ್ಯಾಡಿಸನ್‌ಗೆ ಒಂದು ಅನುಮಾನ ಬಂತು, ಮಸೂದೆ ಅಂದ್ರೆ ತಾನೆ ಪ್ರೆಸಿಡೆಂಟ್ ಹತ್ರ ಹೋಗಬೇಕಾಗಿರೋದು, ನಾಳೆ ಕಾಂಗ್ರೆಸ್ಸಿನವರು ಅದನ್ನೇ ನಿರ್ಣಯ ಅಂತಲೋ ವೋಟು ಅಂತಲೋ ಹೆಸರು ಬದಲಾಯಿಸಿ ತಪ್ಪಿಸಿಕೊಂಡ್ರೆ? ಅದಕ್ಕೇ ಇನ್ನೊಂದು ಕಲಂ ಸೇರಿಸಿದ್ರು, ಹೆಸರು ಏನೇ ಇರಲಿ ಎರಡೂ ಮನೆ ಒಪ್ಪಿಗೆ ಬೇಕಾದ ಆದೇಶ, ನಿರ್ಣಯ, ವೋಟು ಎಲ್ಲ ಪ್ರೆಸಿಡೆಂಟ್ ಮುಂದೆ ಹೋಗಲೇಬೇಕು ಅಂತ. ಸುಮಾರು ಇನ್ನೂರು ವರ್ಷ ಆದಮೇಲೆ ಆ ಅನುಮಾನದಿಂದ ಹುಟ್ಟಿದ ಸಾಲು ಕೀನ್ಯಾದಲ್ಲಿ ಹುಟ್ಟಿದ ಒಬ್ಬ ವಿದ್ಯಾರ್ಥಿಯ ಕೈ ಹಿಡೀತು. ಅನುಕೂಲ, ಚುರುಕು ಮುಖ್ಯ ಅಲ್ಲ, ನಿಧಾನ ಆದ್ರೂ ಸರಿ, ಗೊತ್ತುಮಾಡಿದ ದಾರಿಯಲ್ಲೇ ನಡೀಬೇಕು ಅನ್ನೋದು ಬರ್ಗರ್ ನಿಲುವು.

ಆದ್ರೆ ನಾನು ಈ ಕೇಸು ಓದಿದಾಗೆಲ್ಲ ಮತ್ತೆ ಮತ್ತೆ ಹೋಗೋದು ಬೇರೆ ಇಬ್ಬರು ನ್ಯಾಯಮೂರ್ತಿಗಳ ಬರಹಕ್ಕೆ. ಒಂದು ಲೂಯಿಸ್ ಪೊವೆಲ್ ಅವರದು, ಇನ್ನೊಂದು ಬೈರನ್ ವೈಟ್ ಅವರದು.

ವೈಟ್ ಒಪ್ಪಲಿಲ್ಲ. ಈ ಒಂದು ತೀರ್ಪಿಂದ ಸುಮಾರು 200 ಕಾನೂನುಗಳಲ್ಲಿರೋ ಇಂಥ ಅವಕಾಶಗಳಿಗೆಲ್ಲ ಸಾವಿನ ಗಂಟೆ ಹೊಡೆದ ಹಾಗಾಯ್ತು, ಕೋರ್ಟು ತನ್ನ ಇಡೀ ಇತಿಹಾಸದಲ್ಲಿ ರದ್ದು ಮಾಡಿದ್ದಕ್ಕಿಂತ ಜಾಸ್ತಿ ಕಾನೂನುಗಳ ಕಲಂಗಳನ್ನ ಒಂದೇ ಏಟಿಗೆ ಹೊಡೆದು ಹಾಕ್ತು ಅಂದ್ರು. ಅವರ ವಾದ ನೆಲದ ಮೇಲೆ ನಿಂತದ್ದು. ಇವತ್ತಿನ ಸರ್ಕಾರ 1787ರ ಸರ್ಕಾರ ಅಲ್ಲ, ಪ್ರತಿಯೊಂದಕ್ಕೂ ಕಾಂಗ್ರೆಸ್ಸೇ ಕೂತು ಕಾನೂನು ಬರೆಯೋಕೆ ಆಗಲ್ಲ, ಇಲಾಖೆಗಳಿಗೆ ಅಧಿಕಾರ ಬಿಟ್ಟುಕೊಡಲೇಬೇಕು, ಬಿಟ್ಟುಕೊಟ್ಟ ಮೇಲೆ ಅದು ದಾರಿ ತಪ್ಪಿದ್ರೆ ಹಿಡಿಯೋಕೆ ಒಂದು ಹಗ್ಗ ಬೇಕಲ್ವಾ? ಆ ಹಗ್ಗ ಕತ್ತರಿಸಿದ್ರೆ ಕಾಂಗ್ರೆಸ್ಸಿಗೆ ಉಳಿಯೋದು ಎರಡೇ, ಅಧಿಕಾರ ಕೊಡದೇ ಇರೋದು, ಇಲ್ಲ ಪೂರ್ತಿ ಕೊಟ್ಟು ಕೂರೋದು. ನಮ್ಮಲ್ಲಿ ಈ ತೊಂದರೆ ಇಷ್ಟು ತೀವ್ರವಾಗಿ ಬರಲ್ಲ, ಯಾಕಂದ್ರೆ ದೆಹಲಿಯಲ್ಲಿ ಆಗಲಿ ವಿಧಾನಸೌಧದಲ್ಲಿ ಆಗಲಿ ಸರ್ಕಾರ ಅಂದ್ರೆ ಕೆಳಮನೆಯಲ್ಲಿ ಬಹುಮತ ಇರೋರು, ಮನೆ ತಿರುಗಿಬಿದ್ರೆ ಸರ್ಕಾರವೇ ಹೋಗತ್ತೆ. ಅಮೆರಿಕದಲ್ಲಿ ಪ್ರೆಸಿಡೆಂಟ್ ನಾಲ್ಕು ವರ್ಷಕ್ಕೆ ಬೇರೆಯಾಗಿ ಆಯ್ಕೆ ಆಗಿ ಬಂದಿರ್ತಾರೆ, ಕಾಂಗ್ರೆಸ್ಸಿಗೆ ಎಷ್ಟೇ ಕೋಪ ಬಂದ್ರೂ ಅವಿಶ್ವಾಸ ಹೂಡಿ ಇಳಿಸೋಕೆ ಆಗಲ್ಲ.

ಪೊವೆಲ್ ಹೇಳಿದ್ದು ಬೇರೆ. ಚಡ್ಡಾ ಗೆಲ್ಲಬೇಕು, ಅದು ಸರಿ, ಆದ್ರೆ ಅದಕ್ಕೆ ಇಷ್ಟು ದೊಡ್ಡ ಕಾರಣ ಬೇಕಿಲ್ಲ. ಇಲ್ಲಿ ಹೌಸ್ ಮಾಡಿದ್ದು ಕಾನೂನು ಮಾಡೋ ಕೆಲಸ ಅಲ್ಲ, ಜಡ್ಜ್ ಮಾಡೋ ಕೆಲಸ. ಕಾನೂನಲ್ಲಿರೋ ಷರತ್ತನ್ನ ಈ ಆರು ಜನ ಪೂರೈಸಿದ್ದಾರಾ ಇಲ್ವಾ ಅಂತ ಒಬ್ಬೊಬ್ಬ ಮನುಷ್ಯನ ಬಗ್ಗೆ ತೀರ್ಮಾನ ಮಾಡ್ತು, ಕೋರ್ಟಲ್ಲಿ ಸಿಗೋ ಯಾವ ರಕ್ಷಣೆಯೂ ಇಲ್ಲದೆ, ವಕೀಲ ಇಲ್ಲದೆ, ವಿಚಾರಣೆ ಇಲ್ಲದೆ. ಸಂವಿಧಾನ ಬರೆದೋರು ತುಂಬ ಹೆದರಿದ್ದೇ ಇದಕ್ಕೆ, ಶಾಸನಸಭೆ ಹೆಸರು ಹಿಡಿದು ಒಬ್ಬೊಬ್ಬರನ್ನ ಶಿಕ್ಷೆಗೆ ಗುರಿಮಾಡೋದಕ್ಕೆ, ಅದಕ್ಕೇ ಅಂಥ ಮಸೂದೆಗಳನ್ನ ಸಂವಿಧಾನದಲ್ಲೇ ನಿಷೇಧ ಮಾಡಿದ್ರು.

ನನ್ನ ಅಭಿಪ್ರಾಯದಲ್ಲಿ ಪೊವೆಲ್ ಹಿಡಿದ ದಾರಿಯೇ ಸರಿ ಇತ್ತು. ಚಡ್ಡಾಗೆ ಆದ ಅನ್ಯಾಯ ಏನು ಅಂತ ಒಬ್ಬ ಸಾಮಾನ್ಯ ಮನುಷ್ಯನ ಕೇಳಿದ್ರೆ, ನಿರ್ಣಯ ಸೆನೆಟ್ಟಿಗೆ ಹೋಗಲಿಲ್ಲ ಅಂತ ಯಾರೂ ಮೊದಲು ಹೇಳಲ್ಲ, ಅವರ ಮಾತು ಕೇಳದೆ ಅವರ ಬದುಕಿನ ಬಗ್ಗೆ ತೀರ್ಪು ಕೊಟ್ಟುಬಿಟ್ರು ಅಂತ ಹೇಳ್ತಾರೆ. ಎರಡೂ ಮನೆ ಸೇರಿ, ಪ್ರೆಸಿಡೆಂಟ್ ಸಹಿ ಹಾಕಿ, ಆ ಆರು ಹೆಸರನ್ನೇ ಪಾಸು ಮಾಡಿದ್ರೂ ಆ ಅನ್ಯಾಯ ಹಾಗೇ ಉಳೀತಿತ್ತು. ಪೊವೆಲ್ ಆ ಗಾಯವನ್ನೇ ಮುಟ್ಟಿ ತೋರಿಸಿದ್ರು, ಬರ್ಗರ್ ಪಕ್ಕದಲ್ಲಿದ್ದ ಗೋಡೆ ಪೂರ್ತಿ ಕೆಡವಿದ್ರು.

ಹಾಗಂತ ಲೆಜಿಸ್ಲೇಟಿವ್ ವೀಟೊ ಒಳ್ಳೇದಕ್ಕೇ ಬಳಕೆ ಆಗ್ತಿತ್ತು ಅಂತ ನಾನು ಹೇಳ್ತಿಲ್ಲ. 1982ರಲ್ಲಿ ಏನಾಯ್ತು ಅಂದ್ರೆ, ಸೆಕೆಂಡ್ ಹ್ಯಾಂಡ್ ಕಾರು ಮಾರೋ ಡೀಲರುಗಳು ಗಾಡಿಯಲ್ಲಿ ತಮಗೆ ಗೊತ್ತಿರೋ ದೋಷನ ಗಾಜಿನ ಮೇಲೆ ಚೀಟಿ ಅಂಟಿಸಿ ಹೇಳಬೇಕು ಅಂತ ಫೆಡರಲ್ ಟ್ರೇಡ್ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆ ನಿಯಮ ಮಾಡಿತ್ತು, ಡೀಲರುಗಳ ಸಂಘ ಕಾಂಗ್ರೆಸ್ ಮೇಲೆ ಒತ್ತಡ ತಂತು, ಎರಡೂ ಸದನ ಸೇರಿ ಆ ನಿಯಮವನ್ನ ವೀಟೊ ಮಾಡಿದ್ವು. ಗ್ರಾಹಕರ ಪರ ಇದ್ದ ನಿಯಮ ಪ್ರೆಸಿಡೆಂಟ್ ಮುಂದೆ ಹೋಗದೆ ಸತ್ತಿತು. ಚಡ್ಡಾ ತೀರ್ಪು ಬಂದ ಎರಡೇ ವಾರಕ್ಕೆ, ಜುಲೈ 6ರಂದು, ಸುಪ್ರೀಂ ಕೋರ್ಟು ಆ ವೀಟೊವನ್ನೂ ರದ್ದು ಮಾಡಿದ ಕೆಳಗಿನ ಕೋರ್ಟಿನ ತೀರ್ಪನ್ನ ಎತ್ತಿಹಿಡೀತು. ಇಲ್ಲಿ ಎರಡು ಸದನ ಒಪ್ಪಿದ್ರೂ ಸಾಲದು, ಪ್ರೆಸಿಡೆಂಟ್ ಮೇಜು ಮುಟ್ಟಲೇಬೇಕು ಅನ್ನೋದು ಅಲ್ಲಿಗೆ ಖಚಿತ ಆಯ್ತು. ಹಾಗಾಗಿ ಈ ತೀರ್ಪಿಂದ ಒಳ್ಳೇದೇ ಆಗಲಿಲ್ಲ ಅನ್ನೋಕೆ ನನ್ನ ಕೈಲಾಗಲ್ಲ.

ಆದ್ರೆ ಕಾಲ ಹೋದಂಗೆ ಬೆಲೆ ಎಲ್ಲಿ ತೆರಬೇಕಾಯ್ತು ನೋಡಿ. 1976ರ ಎಮರ್ಜೆನ್ಸಿ ಕಾಯ್ದೆಯಲ್ಲಿ ಪ್ರೆಸಿಡೆಂಟ್ ತುರ್ತು ಪರಿಸ್ಥಿತಿ ಘೋಷಣೆ ಮಾಡಬಹುದು, ಎರಡೂ ಮನೆ ಸರಳ ಬಹುಮತದಿಂದ ಸಾಕು ಅಂದ್ರೆ ಅದು ಮುಗೀತು, ಸಹಿ ಬೇಕಿಲ್ಲ ಅಂತ ಇತ್ತು. ಆ ಭರವಸೆ ಮೇಲೇ ಅಷ್ಟು ದೊಡ್ಡ ಅಧಿಕಾರ ಕೊಟ್ಟಿದ್ದು. ಚಡ್ಡಾ ಆದಮೇಲೆ ಅದು ನಡೆಯಲ್ಲ ಅಂತ 1985ರಲ್ಲಿ ಕಾಯ್ದೆ ತಿದ್ದಿ, ಮುಗಿಸೋಕೆ ಪ್ರೆಸಿಡೆಂಟ್ ಸಹಿ ಬೇಕಾಗೋ ಜಂಟಿ ನಿರ್ಣಯ ಬೇಕು ಅಂತ ಮಾಡಿದ್ರು. ಘೋಷಣೆ ಮಾಡಿದವರ ಹತ್ರವೇ ಅದನ್ನ ರದ್ದು ಮಾಡೋ ಕಾಗದ ಸಹಿಗೆ ಹೋಗಬೇಕು! 2019ರ ಫೆಬ್ರವರಿ 15ಕ್ಕೆ ಟ್ರಂಪ್ ಮೆಕ್ಸಿಕೊ ಗಡಿಗೋಡೆಗೆ ದುಡ್ಡು ಹೊಂದಿಸೋಕೆ ಎಮರ್ಜೆನ್ಸಿ ಘೋಷಿಸಿದ್ರು. ಹೌಸ್ 245-182ರಲ್ಲಿ ಬೇಡ ಅಂತು. ಸೆನೆಟ್‌ನಲ್ಲಿ ಅವರದೇ ರಿಪಬ್ಲಿಕನ್ ಪಕ್ಷಕ್ಕೆ ಬಹುಮತ ಇದ್ರೂ 59-41ರಲ್ಲಿ ಬೇಡ ಅಂತು. 1976ರ ಕಾಯ್ದೆ ಹಳೇ ರೂಪದಲ್ಲೇ ಇದ್ದಿದ್ರೆ ಎಮರ್ಜೆನ್ಸಿ ಅಲ್ಲಿಗೆ ಮುಗೀತಿತ್ತು. ಮಾರನೇ ದಿನ, ಮಾರ್ಚ್ 15ಕ್ಕೆ, ಟ್ರಂಪ್ ತಮ್ಮ ಮೊದಲ ವೀಟೊ ಹಾಕಿದ್ರು, ಮಾರ್ಚ್ 26ಕ್ಕೆ ಹೌಸಲ್ಲಿ ಅದನ್ನ ಮೀರೋಕೆ ಬಿದ್ದದ್ದು 248-181, ಮೂರನೇ ಎರಡಕ್ಕೆ ಸಾಲಲಿಲ್ಲ.

ಯುದ್ಧದ ವಿಷಯದಲ್ಲೂ ಹೀಗೇ. 1973ರ ಕಾಯ್ದೆಯಲ್ಲಿ ಎರಡೂ ಸದನ ನಿರ್ಣಯ ಮಾಡಿ ಸೈನ್ಯ ವಾಪಸ್ ಕರೆಸಬಹುದು, ಸಹಿ ಬೇಡ ಅಂತ ಈಗಲೂ ಅಕ್ಷರದಲ್ಲಿ ಇದೆ, ಚಡ್ಡಾ ತೀರ್ಪಿನ ಮುಂದೆ ಅದು ನಿಲ್ಲತ್ತೆ ಅಂತ ನಂಬೋರು ಕಮ್ಮಿ. 2020ರಲ್ಲಿ ಇರಾನ್ ವಿರುದ್ಧ ಕಾಂಗ್ರೆಸ್ ಒಪ್ಪಿಗೆ ಇಲ್ಲದೆ ಯುದ್ಧಕ್ಕೆ ಇಳಿಯಬಾರದು ಅನ್ನೋ ನಿರ್ಣಯ ಸೆನೆಟಲ್ಲಿ 55-45, ಹೌಸಲ್ಲಿ 227-186ರಲ್ಲಿ ಪಾಸಾಯ್ತು. ಮೇ 6ಕ್ಕೆ ವೀಟೊ. ಸೆನೆಟಲ್ಲಿ ಅದನ್ನ ಮೀರೋಕೆ ಸಿಕ್ಕಿದ್ದು 49 ವೋಟು. 2025ರ ಆಗಸ್ಟಲ್ಲಿ ಭಾರತದ ಸರಕಿನ ಮೇಲೆ ಸುಂಕ 50 ಪರ್ಸೆಂಟಿಗೆ ಏರಿಸಿದ್ದಕ್ಕೆ ಪ್ರೆಸಿಡೆಂಟ್ ತೋರಿಸಿದ್ದೂ ತುರ್ತು ಅಧಿಕಾರದ ಕಾಯ್ದೆಯನ್ನೇ, 1977ರದು. ಅಂದ್ರೆ ಕಾಂಗ್ರೆಸ್ 1970ರ ದಶಕದಲ್ಲಿ ಕೊಟ್ಟ ಅಧಿಕಾರ ಹೆಚ್ಚುಕಡಿಮೆ ಹಾಗೇ ಉಳೀತು, ಜೊತೆಗೆ ಕಟ್ಟಿದ್ದ ಹಗ್ಗ ಮಾತ್ರ ಹೋಯ್ತು. ಬರ್ಗರ್ ಬೆಂಚು ಹಗ್ಗ ಕತ್ತರಿಸಿದಾಗ ಅಧಿಕಾರನೂ ವಾಪಸ್ ಕಾಂಗ್ರೆಸ್ಸಿಗೆ ಹೋಗಲಿ ಅನ್ನಬಹುದಿತ್ತಲ್ವಾ ಅಂದ್ರೆ, ವೈಟ್ ಜೊತೆ ಒಪ್ಪದೇ ಇದ್ದ ಇನ್ನೊಬ್ಬ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ತಮ್ಮ ಭಿನ್ನ ತೀರ್ಪಲ್ಲಿ ಬರೆದದ್ದು ಹತ್ತತ್ರ ಅದನ್ನೇ, ವೀಟೊ ಇಲ್ಲ ಅಂತ ಗೊತ್ತಿದ್ರೆ ಕಾಂಗ್ರೆಸ್ ಆ ಅಧಿಕಾರ ಕೊಡ್ತಾನೇ ಇರಲಿಲ್ಲ, ಎರಡನ್ನೂ ಬೇರೆ ಬೇರೆ ಮಾಡಬೇಡಿ ಅಂತ. ಆದ್ರೆ ಹಾಗೆ ಮಾಡಿದ್ರೆ ಚಡ್ಡಾಗೆ ಗಡೀಪಾರು ತಡೆಯೇ ಸಿಗ್ತಿರಲಿಲ್ಲ. ಒಂದು ಕಲಂ ಬಿದ್ರೂ ಉಳಿದದ್ದು ನಿಲ್ಲತ್ತೆ ಅಂತ ಕಾಯ್ದೆಯಲ್ಲೇ ಬರೆದಿದೆ ಅಂತ ಬಹುಮತ ಹೇಳ್ತು.

ಕಾಂಗ್ರೆಸ್ ಸುಮ್ಮನೆ ಕೂತಿಲ್ಲ ಬಿಡಿ. ತೀರ್ಪು ಬಂದಮೇಲೂ ದುಡ್ಡು ಮಂಜೂರು ಮಾಡೋ ಮಸೂದೆಗಳಲ್ಲಿ ಇಂಥ ಖರ್ಚಿಗೆ ಇಂಥ ಸಮಿತಿ ಒಪ್ಪಿಗೆ ಬೇಕು ಅಂತ ನೂರಾರು ಸಲ ಬರೆದಿದೆ, ಪ್ರೆಸಿಡೆಂಟ್‌ಗಳು ಸಹಿ ಹಾಕುವಾಗ ಇದು ಚಡ್ಡಾ ತೀರ್ಪಿಗೆ ವಿರುದ್ಧ ಅಂತ ಒಂದು ಟಿಪ್ಪಣಿ ಬರೀತಾರೆ, ಇಲಾಖೆಯವರು ಮಾತ್ರ ಹೋಗಿ ಸಮಿತಿನ ಕೇಳ್ಕೊಂಡೇ ಬರ್ತಾರೆ, ಯಾಕಂದ್ರೆ ಮುಂದಿನ ವರ್ಷದ ಬಜೆಟ್ಟೂ ಅದೇ ಸಮಿತಿ ಕೈಲಿರತ್ತೆ. ಚೆಕ್ಸ್ ಅಂಡ್ ಬ್ಯಾಲೆನ್ಸಸ್ ಅಂದ್ರೇನು ಅಂತ ಭಾವ ಕೇಳಿದ್ರಲ್ಲ, ಇದೂ ಅದೇ, ಪುಸ್ತಕದಲ್ಲಿರೋದು ಒಂದು ಭಾಗ, ಆಫೀಸಲ್ಲಿ ನಡೆಯೋದು ಇನ್ನೊಂದು ಭಾಗ.

ಕಥೆ ಕೇಳಿ ಭಾವ ಕೇಳಿದ್ದು ಕೋರ್ಟ್ ಬಗ್ಗೆ ಅಲ್ಲ. "ಆ ಏಳು ವರ್ಷದ ಸೆಕ್ಷನ್ ಈಗಲೂ ಇದ್ಯಾ? ನಮ್ಮ ಹುಡುಗರಿಗೆ ಯಾರಿಗಾದ್ರೂ ಹಂಗಾದ್ರೆ ಹಾಕಬಹುದಾ?" ಅಂದ್ರು. ಇಲ್ಲ. 1996ರಲ್ಲಿ ಕಾಂಗ್ರೆಸ್ ಆ ಪರಿಹಾರವನ್ನೇ ತೆಗೆದುಹಾಕ್ತು, ಈ ಸಲ ಎರಡೂ ಮನೆ ಪಾಸು ಮಾಡಿ, ಕ್ಲಿಂಟನ್ ಸಹಿ ಹಾಕಿ, ಬರ್ಗರ್ ಹೇಳಿದ ದಾರಿಯಲ್ಲೇ ನಡೆದು. ಅದರ ಜಾಗದಲ್ಲಿ ಬಂದದ್ದಕ್ಕೆ ಏಳರ ಬದಲು ಹತ್ತು ವರ್ಷ ಬೇಕು, ವರ್ಷಕ್ಕೆ 4,000 ಜನಕ್ಕಿಂತ ಜಾಸ್ತಿ ಕೊಡಲ್ಲ. ಕಷ್ಟದ ಲೆಕ್ಕವೂ ಬದಲಾಗಿದೆ, ಅರ್ಜಿ ಹಾಕಿದವರ ಕಷ್ಟ ಈಗ ಲೆಕ್ಕಕ್ಕಿಲ್ಲ, ಅಮೆರಿಕನ್ ಪ್ರಜೆಯೋ ಗ್ರೀನ್ ಕಾರ್ಡ್ ಇರೋರೋ ಆದ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳಿಗೆ ಅಸಾಧಾರಣ ಕಷ್ಟ ಆಗತ್ತೆ ಅಂತ ತೋರಿಸಬೇಕು. 1974ರಲ್ಲಿ ಚಡ್ಡಾ ಜಡ್ಜ್ ಮುಂದೆ ಇಟ್ಟಿದ್ದು ತಮ್ಮ ಕಷ್ಟವನ್ನ, ಅಮೆರಿಕಕ್ಕೆ ಬಂದು ಆಗ ಇನ್ನೂ ಎಂಟು ವರ್ಷ. ಅದೇ ಅರ್ಜಿಯನ್ನ ಇವತ್ತು ಹಾಕಿದ್ರೆ ಹೌಸಿನ ತನಕ ಹೋಗೋದೇ ಇಲ್ಲ, ಮೊದಲನೇ ಜಡ್ಜ್ ಮೇಜಿನ ಮೇಲೇ ಬಿದ್ದುಹೋಗತ್ತೆ.